ಹೆಂಗಸರ ಬಾಗಿಲು

ನನ್ನ ಸಿನಿಮಾವನ್ನು ಎಲ್ಲೇ ತೋರಿಸಲಿ, ಕೊನೆಯ ರೀಲು ಶುರುವಾಗುವ ಹೊತ್ತಿಗೆ ನಾನು ಎದ್ದು ಬಾಗಿಲ ಹತ್ತಿರ ಹೋಗುತ್ತೇನೆ. ಪ್ರಶಸ್ತಿ ಕೊಟ್ಟವರ ಪಕ್ಕದಲ್ಲಿ ಕೂತಿದ್ದಾಗಲೂ ಹಾಗೆಯೇ ಎದ್ದು ಹೋಗಿದ್ದೇನೆ. ಒಮ್ಮೆ ದೆಹಲಿಯಲ್ಲಿ ದೊಡ್ಡ ಮನುಷ್ಯರೊಬ್ಬರಿಗೆ ಇದರಿಂದ ಬೇಜಾರಾಗಿ, "ಈ ಹೆಂಗಸಿಗೆ ಜಂಬ ತಲೆಗೇರಿದೆ" ಎಂದು ಯಾರ ಹತ್ತಿರವೋ ಹೇಳಿದರಂತೆ. ಹೇಳಿಕೊಳ್ಳಲಿ. ನನಗೆ ಜಂಬ ಇಲ್ಲವೆಂದು ನಾನೇನೂ ಆಣೆ ಮಾಡುವುದಿಲ್ಲ. ಆದರೆ ಎದ್ದು ಹೋಗುವುದು ಆ ಕಾರಣಕ್ಕಲ್ಲ. ಅದು ನಮ್ಮ ಮನೆಯ ಕೆಲಸ. ನನ್ನ ಅಮ್ಮ ಹಿಂದೂಪುರದ ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುತ್ತಿದ್ದಳು.

ಹಿಂದೂಪುರ ಆಗ ಹುಣಸೆಹಣ್ಣು, ಬೆಲ್ಲದ ಮಂಡಿಗಳ ಊರು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಟಾಕೀಸು ಸ್ಟೇಷನ್ನಿನ ಕಡೆಗಿತ್ತು. ಮೇಲೆ ತಗಡಿನ ಸೂರು. ಬೇಸಿಗೆಯಲ್ಲಿ ಮ್ಯಾಟ್ನಿಗೆ ಕೂತವರು ಅರ್ಧ ಬೆಂದು ಹೊರಗೆ ಬರುತ್ತಿದ್ದರು. ಆದರೂ ಮ್ಯಾಟ್ನಿ ಎಂದರೆ ಹೆಂಗಸರದೇ. ಸಂಜೆ ಆಟಕ್ಕೆ ಬಂದು ಕೂತರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ರೊದ್ದಂ ಕಡೆಯಿಂದ ಗಾಡಿ ಕಟ್ಟಿಕೊಂಡು, ಮಡಿಲಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು, ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದರು.

ಒಳಗೆ ಎಡಗಡೆ ಹೆಂಗಸರ ಬೆಂಚು, ಬಲಗಡೆ ಗಂಡಸರ ಬೆಂಚು, ನಡುವೆ ಒಂದು ಕರೀ ಪರದೆ. ದೀಪ ಆರಿದ ಮೇಲೆ ಪರದೆ ಸರಿಸುತ್ತಿದ್ದರು, ದೀಪ ಹತ್ತುವ ಮೊದಲು ಎಳೆಯುತ್ತಿದ್ದರು. ಆಟ ಮುಗಿದಾಗ ಹೆಂಗಸರು ಮೊದಲು ಹೊರಗೆ ಹೋಗಬೇಕು, ಅವರೆಲ್ಲ ಬೀದಿ ಸೇರಿದ ಮೇಲೆಯೇ ಗಂಡಸರ ಗೇಟು ತೆಗೆಯಬೇಕು ಎನ್ನುವುದು ಅಲ್ಲಿಯ ಕಟ್ಟುನಿಟ್ಟಾದ ಪದ್ಧತಿ. ಅದಕ್ಕಾಗಿ ಆಪರೇಟರು ಕೊನೆಯ ರೀಲು ಹಾಕಿದ ಕೂಡಲೇ ಕ್ಯಾಬಿನ್ನಿನಿಂದ ಒಂದು ಗಂಟೆ ಹೊಡೆಯುತ್ತಿದ್ದ. ಗಂಟೆ ಕೇಳಿಸಿದರೆ ಅಮ್ಮ ಹೊರಗೆ ಹೋಗಬೇಕು. ಬೀಗ ತೆಗೆದು, ಬಾಗಿಲಿಗೆ ಅಡ್ಡ ನಿಂತ ಜಟಕಾದವರನ್ನೂ ಕಡಲೆಕಾಯಿಯವರನ್ನೂ ಓಡಿಸಿ, ದಾರಿ ಬಿಡಿಸಿ, ಬಾಗಿಲ ಕದ ಹಿಡಿದುಕೊಂಡು ನಿಲ್ಲಬೇಕು. ಸ್ವಲ್ಪ ತಡವಾದರೂ ಮ್ಯಾನೇಜರು "ವಾಕಿಲಿ ತಿಯ್ಯಮ್ಮಾ!", ಬಾಗಿಲು ತೆಗೆಯಮ್ಮಾ, ಎಂದು ತೆಲುಗಿನಲ್ಲಿ ಕೂಗುತ್ತಿದ್ದರು. ಮೊದಲೇ ಕದ ತೆಗೆದರೆ ಬಿಸಿಲು ಸಿನಿಮಾ ಪರದೆಯ ಮೇಲೆ ಬಿದ್ದು ಗಂಡಸರು ಶಿಳ್ಳೆ ಹೊಡೆಯುತ್ತಿದ್ದರು. ಹೊರಗಿನ ಗಲಾಟೆಯಲ್ಲಿ ಒಳಗಿನ ಮಾತು ಒಂದೂ ಕೇಳಿಸುತ್ತಿರಲಿಲ್ಲ. ಹೀಗಾಗಿ ಅಷ್ಟು ವರ್ಷ ಟಾಕೀಸಿನಲ್ಲಿ ಕೆಲಸ ಮಾಡಿದ ಅಮ್ಮ ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ.

ಮೊದಲು ಆ ಗಂಟೆ ಹೊಡೆಯುತ್ತಿದ್ದವನು ನನ್ನ ಅಪ್ಪ. ಅದೇ ಟಾಕೀಸಿನ ಆಪರೇಟರು. ಯಾರ ಮನೆಯ ರೇಡಿಯೋ ಕೆಟ್ಟರೂ, ಯಾರ ಪಂಪು ನಿಂತರೂ ಓಡುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಜಾತಿ. ನನಗೆ ಆರು ವರ್ಷವಿದ್ದಾಗ ಕಲ್ಯಾಣದುರ್ಗದಲ್ಲಿ ಒಂದು ಟೂರಿಂಗ್ ಟೆಂಟು ಬಂದಿದೆ, ಆರು ತಿಂಗಳು ಕೆಲಸ ಇದೆ ಎಂದು ಹೋದ. ಬಸ್ಸು ಹತ್ತುವಾಗ ನನ್ನ ಕೈಗೆ ಕತ್ತರಿಸಿದ ಫಿಲ್ಮಿನ ಒಂದು ತುಂಡು ಕೊಟ್ಟು, "ಬೆಳಕಿಗೆ ಹಿಡ್ಕೊಂಡು ನೋಡು ಪಾಪ, ಬೇಗ ಬತ್ತೀನಿ" ಎಂದ. ಆರು ತಿಂಗಳಾದ ಮೇಲೆ ಟೆಂಟು ಕಿತ್ತು ರಾಯದುರ್ಗಕ್ಕೆ ಹೋಯಿತು, ಅಲ್ಲಿಂದ ಬಳ್ಳಾರಿ ಕಡೆಗೆ. ಅಪ್ಪ ಅದರ ಹಿಂದೆಯೇ ಹೋದ. ಕಾಗದ ಬರಲಿಲ್ಲ. ಅಮ್ಮನ ಸ್ಥಿತಿ ನೋಡಿ ಮ್ಯಾನೇಜರು ಹೆಂಗಸರ ಬಾಗಿಲಿನ ಕೆಲಸ ಕೊಟ್ಟರು.

ಇಸ್ಕೂಲು ಬಿಟ್ಟ ಕೂಡಲೇ ನಾನು ಟಾಕೀಸಿಗೆ ಓಡುತ್ತಿದ್ದೆ. ಅಷ್ಟು ಹೊತ್ತಿಗೆ ಮ್ಯಾಟ್ನಿ ಮುಕ್ಕಾಲು ಮುಗಿದಿರುತ್ತಿತ್ತು. ಮುಂದಿನ ಬೆಂಚಿನ ಮೂಲೆಯಲ್ಲಿ ಕೂತು ಉಳಿದದ್ದನ್ನು ನೋಡುತ್ತಿದ್ದೆ. ನನಗೆ ಮೊದಲು ಗೊತ್ತಿಲ್ಲ, ಅಮ್ಮನಿಗೆ ಕೊನೆ ಗೊತ್ತಿಲ್ಲ. ಸಂಜೆ ಒಲೆಯ ಮುಂದೆ ನಾವಿಬ್ಬರೂ ಸೇರಿ ಸಿನಿಮಾ ಪೂರ್ತಿ ಮಾಡುತ್ತಿದ್ದೆವು. ಅವಳು ಮುದ್ದೆ ತಿರುವುತ್ತಾ ಮೊದಲ ಭಾಗ ಹೇಳುತ್ತಿದ್ದಳು. ಆಮೇಲೆ, "ಕಡೀಕೆ ಏನಾಯ್ತು ಹೇಳಮ್ಮ" ಎನ್ನುತ್ತಿದ್ದಳು. ನನ್ನ ಬದುಕಿನಲ್ಲಿ ನನ್ನನ್ನು ಕತೆ ಕೇಳಿದ ಮೊದಲನೆಯವಳು ಅವಳೇ, ಅಷ್ಟು ಆಸೆಯಿಂದ ಕೇಳಿದ ಕೊನೆಯವಳೂ ಅವಳೇ.

ಮೊದಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಒಂದು ದಿನ ಅಮ್ಮನಿಗೆ ಜ್ವರ. ಆ ವಾರದ ಸಿನಿಮಾದಲ್ಲಿ ತಾಯಿ ಸತ್ತುಹೋಗಿದ್ದಳು. ಜ್ವರದಲ್ಲಿ ಮಲಗಿದವಳಿಗೆ ಹೇಗೆ ಹೇಳುವುದು? ಡಾಕ್ಟರು ಬಂದು ಸೂಜಿ ಹಾಕಿದರು, ತಾಯಿ ಎದ್ದು ಕೂತಳು ಎಂದು ಬಿಟ್ಟೆ. ಅಮ್ಮ "ಒಳ್ಳೇದಾಯ್ತು ಬಿಡು" ಎಂದು ಮಗ್ಗುಲಾದಳು. ಅಲ್ಲಿಂದ ನನಗೆ ರುಚಿ ಹತ್ತಿತು. ನಾಲಿಗೆಗೆ ಎಲುಬಿಲ್ಲ. ಕುರುಡರಿಗೆ ಕಣ್ಣು ಬರಿಸಿದೆ, ಕೋರ್ಟಿನಲ್ಲಿ ಸೋತವರನ್ನು ಗೆಲ್ಲಿಸಿದೆ, ಬಾವಿಗೆ ಬಿದ್ದವರನ್ನು ಹಗ್ಗ ಹಾಕಿ ಎಳೆಸಿದೆ. ಅಮ್ಮ ಎಲ್ಲಕ್ಕೂ "ಒಳ್ಳೇದಾಯ್ತು ಬಿಡು" ಎನ್ನುತ್ತಿದ್ದಳು.

ನನಗೆ ಹತ್ತು ತುಂಬಿದ ವರ್ಷ ಬೆಳುಗುಪ್ಪದಿಂದ ನನ್ನ ಸೋದರಮಾವ ಬಂದ. ಜೊತೆಗೆ ಕಲ್ಯಾಣದುರ್ಗದಲ್ಲಿ ಸೈಕಲ್ ಷಾಪು ಇಟ್ಟಿದ್ದ ಒಬ್ಬರನ್ನು ಕರೆತಂದಿದ್ದ. ಆತನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮ ಜನದಲ್ಲಿ ಗಂಡ ಸತ್ತವಳಿಗೂ ಗಂಡ ಬಿಟ್ಟುಹೋದವಳಿಗೂ ಕೂಡಿಕೆ ಎಂಬ ಮರುಮದುವೆ ಉಂಟು. ಚಪ್ಪರವಿಲ್ಲ, ವಾಲಗವಿಲ್ಲ. ನಾಲ್ಕು ಜನ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಾರೆ, ಅಷ್ಟೆ. ಯಾರೂ ಕೀಳಾಗಿ ಕಾಣುವುದಿಲ್ಲ.

ದೊಡ್ಡವರು ಮಾತಾಡಿಕೊಳ್ಳಲಿ ಎಂದು ಆತ ಹೊರಗೆ ಬಂದು, ಬಾಡಿಗೆ ಸೈಕಲ್ಲನ್ನು ಗೋಡೆಯಿಂದ ಬಿಡಿಸಿಕೊಂಡು, "ಸೈಕಲ್ ಹತ್ತೀಯ ಪಾಪಾ?" ಎಂದರು. ನಾನು ಮುಖ ತಿರುಗಿಸಿದೆ. ಆದರೆ ಸೈಕಲ್ಲು ಸೈಕಲ್ಲೇ. ಮುಂದಿನ ಸರಳು ಒತ್ತಬಾರದೆಂದು ಆತ ತಮ್ಮ ಹೆಗಲ ಮೇಲಿನ ಟವೆಲ್ಲು ಮಡಿಚಿ ಅದರ ಮೇಲೆ ಹಾಸಿ ನನ್ನನ್ನು ಕೂರಿಸಿಕೊಂಡರು. ಸ್ಟೇಷನ್ನಿನ ತನಕ ಹೋಗಿ ಬಂದೆವು. ಬೆಲ್ಲು ಹೊಡೆಯಲು ನನಗೇ ಬಿಟ್ಟರು. ಒಂದು ಬುದ್ಧಿಮಾತಿಲ್ಲ, ಇಸ್ಕೂಲಿನಲ್ಲಿ ಎಷ್ಟನೆಯ ನಂಬರು ಎಂಬ ಪ್ರಶ್ನೆಯಿಲ್ಲ. ನನಗೆ ಆತ ಇಷ್ಟವಾದರು. ಇಷ್ಟವಾದರೆಂದು ಗೊತ್ತಾದ ಕೂಡಲೇ ಭಯವಾಯಿತು. ಅಪ್ಪ ಬಂದರೆ ಏನು ಹೇಳುವುದು? ಮನೆಯ ಮುಂದೆ ಇಳಿದವಳೇ ಒಳಗೆ ಓಡಿ, ಫಿಲ್ಮಿನ ತುಂಡು ಇಟ್ಟಿದ್ದ ಡಬ್ಬಿಯನ್ನು ಹಿಡಿದುಕೊಂಡು ಕೂತೆ. ಅದರಲ್ಲಿ ಒಬ್ಬ ಹೆಂಗಸು ಬಾಗಿಲು ತೆಗೆಯುವ ಚಿತ್ರವಿತ್ತು, ಹನ್ನೊಂದು ಸಲ, ಒಂದೇ ಥರ.

ಒಳಗೆ ಮಾವ ಹೇಳುತ್ತಿದ್ದ: "ನಾಕ್ ವರ್ಸ ಆಯ್ತು ಕಣಮ್ಮಯ್ಯ. ಹೋದೋನು ಸತ್ತವ್ನೋ ಬದ್ಕವ್ನೋ ಒಂದು ಸುದ್ದಿ ಇಲ್ಲ. ಈಯಪ್ಪ ಒಳ್ಳೇನು. ಕುಡಿಯಲ್ಲ, ಬಯ್ಯಲ್ಲ. ಮಗೀಗೂ ಒಂದ್ ನೆರಳಾಯ್ತದೆ. ಆ ಬಾಗ್ಲು ಎಷ್ಟು ದಿವ್ಸ ಅಂತ ಕಾಯ್ತೀಯ ನೀನು?"

"ಯೋಚ್ನೆ ಮಾಡಿ ಹೇಳ್ತೀನಿ ಅಣ್ಣಯ್ಯ."

"ಸುಕ್ರವಾರ ಬತ್ತೀನಿ. ಊ ಅಂತೀಯೋ, ಊಹೂ ಅಂತೀಯೋ, ಒಂದ್ ಮಾತ್ ಹೇಳ್ಬುಡು."

ಅವರು ಹೋದ ಮೇಲೆ ನೋಡಿದರೆ ಆ ಟವೆಲ್ಲು ನಮ್ಮ ಜಗಲಿಯ ಮೇಲೆಯೇ ಉಳಿದಿತ್ತು. ಅಮ್ಮ ಅದನ್ನು ಒಗೆದು, ಒಣಹಾಕಿ, ಮಡಿಚಿ ಪೆಟ್ಟಿಗೆಯ ಮೇಲಿಟ್ಟಳು. ಆ ನಾಲ್ಕು ದಿನ ಅಮ್ಮ ಬೇರೆ ಥರ ಇದ್ದಳು. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದುಕೊಂಡಳು. ನೀರು ತರುವಾಗ ಪಕ್ಕದ ಮನೆಯವಳ ಜೊತೆ ಏನೋ ಹೇಳಿಕೊಂಡು ನಕ್ಕಳು. ಅಮ್ಮ ಹಾಗೆ ನಗುವುದು ನನಗೆ ಬೇಡವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಆ ವಾರ ಬಂದಿದ್ದ ಸಿನಿಮಾ ಗಂಡನಿಗಾಗಿ ಕಾಯುವವಳದು. ಗಂಡ ಪಟ್ಟಣಕ್ಕೆ ಹೋಗಿರುತ್ತಾನೆ. ಹೆಂಡತಿ ಏಳು ವರ್ಷ ಕಂಡವರ ಮನೆಯ ಬತ್ತ ಕುಟ್ಟಿಕೊಂಡು ದಾರಿ ನೋಡುತ್ತಾಳೆ. ಊರವರು ಬೇರೆ ಮನೆ ಸೇರು ಎಂದರೂ ಕೇಳುವುದಿಲ್ಲ. ಕೊನೆಗೆ ಹುಡುಕಿಕೊಂಡು ಪಟ್ಟಣಕ್ಕೆ ಹೋದರೆ, ಗಂಡ ಇನ್ನೊಬ್ಬಳ ಜೊತೆ ಮಗುವನ್ನು ಆಡಿಸುತ್ತಾ ಅಂಗಳದಲ್ಲಿ ಕೂತಿರುತ್ತಾನೆ. ಇವಳು ಗೇಟಿನಿಂದಲೇ ನೋಡಿ, ಮಾತಾಡಿಸದೆ ವಾಪಸು ಹೊರಡುತ್ತಾಳೆ. ಅಲ್ಲಿಗೆ ಮುಗಿಯಿತು. ಗುರುವಾರದ ಮ್ಯಾಟ್ನಿಯಲ್ಲಿ ನನ್ನ ಹಿಂದಿನ ಬೆಂಚಿನವರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನಾನು ಅಳಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಏನು ಹೇಳಬೇಕೆಂದು ಆಗಲೇ ಕಟ್ಟುತ್ತಿದ್ದೆ.

ಒಲೆಯ ಮೇಲೆ ಹಿಟ್ಟು ಬೇಯುತ್ತಿತ್ತು. ಅಮ್ಮ ಕೋಲು ಹಾಕಿ ತಿರುವುತ್ತಾ, "ಕಡೀಕೆ ಏನಾಯ್ತಮ್ಮ?" ಎಂದಳು.

"ಗಂಡ ಅವ್ಳನ್ನ ದೂರದಿಂದ್ಲೇ ನೋಡ್ದ. ಓಡ್ಕೊಂಡು ಬಂದು ಕಾಲಿಗ್ ಬಿದ್ದ. ತಪ್ಪಾಯ್ತು ಅಂದ. ಇಬ್ರೂ ಗಾಡಿ ಹತ್ಕೊಂಡು ಊರಿಗ್ ಬಂದ್ಬುಟ್ರು."

ಅಮ್ಮ ತಿರುವುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ನಿಜ್ವಾ?"

"ನಿಜ ಅಮ್ಮ. ಕಾಯ್ಕೊಂಡಿದ್ಲಲ್ಲ, ಅದಕ್ಕೇ ಬಂದ."

ಆವತ್ತು ಅವಳು "ಒಳ್ಳೇದಾಯ್ತು ಬಿಡು" ಎನ್ನಲಿಲ್ಲ. ತಳ ಹತ್ತಿದ ವಾಸನೆ ಬಂದ ಮೇಲೆ ಪಾತ್ರೆ ಇಳಿಸಿದಳು. ಅಷ್ಟು ವರ್ಷದಲ್ಲಿ ಅಮ್ಮ ಮುದ್ದೆ ಸೀಯಿಸಿದ್ದು ಅದೊಂದೇ ದಿನ. ಇಬ್ಬರೂ ಅದನ್ನೇ ಉಂಡೆವು.

ಶುಕ್ರವಾರ ಮಾವ ಬಂದಾಗ ಅಮ್ಮ ಒಂದೇ ಮಾತು ಹೇಳಿದಳು: "ಬ್ಯಾಡ ಅಣ್ಣಯ್ಯ." ಮಾವ ರೇಗಿದ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೀನೇ ಮಾಡಿಕೊಂಡೆ ಎಂದ. ಅಮ್ಮ ಮಡಿಚಿಟ್ಟ ಟವೆಲ್ಲನ್ನು ತಂದು, ಅದರ ಮೇಲೆ ಒಂದು ಸಲ ಕೈಯಾಡಿಸಿ ಅವನ ಕೈಗೆ ಕೊಟ್ಟಳು. "ಇದು ಅವ್ರದು. ಮರೀದೆ ಕೊಟ್ಬುಡು" ಎಂದಳು. ನಾನು ಬಾಗಿಲ ಹಿಂದೆ ನಿಂತು ಗೆದ್ದೆ ಎಂದುಕೊಂಡೆ. ಅಪ್ಪ ಬರುತ್ತಾನೆ, ನಾನು ದಾರಿ ಉಳಿಸಿದ್ದೇನೆ ಎಂದುಕೊಂಡೆ.

ಅಪ್ಪ ಬರಲಿಲ್ಲ. ಸೈಕಲ್ ಷಾಪಿನವರು ಎರಡು ವರ್ಷ ಬಿಟ್ಟು ಬೇರೆ ಕಡೆ ಮದುವೆಯಾದರು. ನಾವು ಬೆಳುಗುಪ್ಪಕ್ಕೆ ಹೋಗಬೇಕಾದರೆ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಬೇಕು. ಬಸ್ ಸ್ಟ್ಯಾಂಡಿನ ಎದುರಿಗೇ ಆ ಷಾಪು. ಅಲ್ಲಿ ಎಷ್ಟು ಹೊತ್ತು ಕಾದರೂ ಅಮ್ಮ ಆ ಕಡೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದಳು. ನಾನು ಕದ್ದು ನೋಡುತ್ತಿದ್ದೆ. ಆತ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಮುಂದೆ ಅವರ ಪಕ್ಕದಲ್ಲಿ ಒಂದು ಹೆಣ್ಣುಮಗು ಕೂತಿರುತ್ತಿತ್ತು. ಒಂದು ವರ್ಷ ಅದನ್ನು ಸೈಕಲ್ಲಿನ ಸರಳಿನ ಮೇಲೆ ಕೂರಿಸಿಕೊಂಡು ಹೊರಟದ್ದನ್ನು ಕಂಡೆ. ಟವೆಲ್ಲು ಹಾಸಿತ್ತು. ಆಗ ನನಗೆ ಹದಿನಾರು. ನಾನು ಅಮ್ಮನಿಗೆ ಏನು ಮಾಡಿಬಿಟ್ಟೆ ಎಂದು ಗೊತ್ತಾದದ್ದು ಆ ಬಸ್ ಸ್ಟ್ಯಾಂಡಿನಲ್ಲಿ.

ಅಂದಿನಿಂದ ಅಮ್ಮನಿಗೆ ಸಿನಿಮಾಗಳ ಕೊನೆಯನ್ನು ಇದ್ದ ಹಾಗೆಯೇ ಹೇಳತೊಡಗಿದೆ. ಸತ್ತವರು ಸತ್ತರು, ಸೋತವರು ಸೋತರು. ಆದರೆ ಆ ಒಂದನ್ನು ಮಾತ್ರ ತಿದ್ದಲಿಲ್ಲ. ನಾಳೆ ಹೇಳೋಣ, ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ದೂಡಿದೆ. ಅಮ್ಮ ಗಂಟೆ ಕೇಳಿಸಿದರೆ ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದಳು. ಅವಳ ತಲೆ ಬೆಳ್ಳಗಾಗತೊಡಗಿತು.

ಹದಿನೆಂಟಕ್ಕೆ ಮದ್ರಾಸಿಗೆ ಹೋದೆ. ಮ್ಯಾನೇಜರು ಕೊಟ್ಟ ಕಾಗದ ಹಿಡಿದುಕೊಂಡು ಒಂದು ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸಿ ಅಂಟಿಸುವ ಕೆಲಸಕ್ಕೆ ಸೇರಿದೆ. ಬಿಳಿ ಕೈಗವಸು ತೊಟ್ಟು ಮೇಜಿನ ಮುಂದೆ ಸಾಲಾಗಿ ಕೂತ ಹೆಂಗಸರಲ್ಲಿ ನಾನೂ ಒಬ್ಬಳು. ಸಿನಿಮಾ ಎಂದರೆ ಗಂಡಸರು ಮಾಡಿ ಹೆಂಗಸರು ಅಂಟಿಸುವುದು ಎಂದು ಅಲ್ಲಿ ಕಲಿತೆ. ಆ ಲ್ಯಾಬಿಗೆ ಡಬ್ಬಿಗಳನ್ನು ಹೊತ್ತು ಊರೂರು ತಿರುಗುವ ಒಬ್ಬ ಹಂಚಿಕೆದಾರರ ಆಳು ಬರುತ್ತಿದ್ದ. ಮಾತಿಗೆ ಮಾತು ಬಂದು ಅಪ್ಪನ ಹೆಸರು ಹೇಳಿದೆ. "ಆಯಪ್ಪನಾ? ಗಂಗಾವತಿ ಕಡೆ ಟೆಂಟ್ನಾಗೆ ಅವ್ನೆ. ಅಲ್ಲೇ ಹೆಂಡ್ತಿ, ಮಕ್ಳು ಎಲ್ಲ" ಎಂದ. ಆ ಹೊತ್ತಿನಲ್ಲಿ ನಾನು ಅಂಟಿಸಿದ ತುಂಡು ತಲೆಕೆಳಗಾಗಿ ಹೋಗಿ ಮೇಲಿನವರಿಂದ ಬೈಸಿಕೊಂಡೆ. ಅಮ್ಮನಿಗೆ ಇದನ್ನೂ ಬರೆಯಲಿಲ್ಲ.

ಮುಂದಿನದು ಪತ್ರಿಕೆಗಳಲ್ಲಿ ಬಂದಿರುವ ಕತೆ. ಸಹಾಯಕಳಾದೆ, ಚಹಾ ತರಿಸಿಕೊಂಡರು. ಹೆಣ್ಣುಮಗಳಿಗೆ ಯಾಕಮ್ಮ ಈ ಡೈರೆಕ್ಷನ್ನು ಎಂದವರ ಎದುರಿಗೇ ಡೈರೆಕ್ಟರಾದೆ. ಮೊದಲ ಎರಡು ಚಿತ್ರ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮೂರನೆಯದಕ್ಕೆ ದೊಡ್ಡ ಪ್ರಶಸ್ತಿ ಬಂತು. ಈಕೆ ಕೊನೆಯಲ್ಲಿ ಸುಳ್ಳು ಹೇಳುವುದಿಲ್ಲ ಎಂದು ವಿಮರ್ಶಕರು ಹೊಗಳಿದರು. ಓದಿ ನನಗೆ ನಗುವೂ ಬಂತು, ಅಳುವೂ ಬಂತು. ಆ ಚಿತ್ರ ಟಾಕೀಸಿನ ಬಾಗಿಲು ಕಾಯುವ ಒಬ್ಬಳದು. ಕೊನೆಯ ರೀಲಿನಲ್ಲಿ ದೊಡ್ಡವಳಾದ ಮಗಳು ತಾಯಿಯ ಮುಂದೆ ಕೂತು, "ನಾನು ಆವತ್ತು ಸುಳ್ಳು ಹೇಳಿದೆ ಅಮ್ಮ, ಅವನು ಬರಲಿಲ್ಲ" ಎನ್ನುತ್ತಾಳೆ. ಬಾಯಿಂದ ಹೇಳಲಾಗದ ಒಂದು ಮಾತಿಗಾಗಿ ನಾನು ಇಡೀ ಸಿನಿಮಾ ಮಾಡಿದ್ದೆ.

ಆಗ ಅಮ್ಮ ಕೆಲಸ ಬಿಟ್ಟು ಬೆಳುಗುಪ್ಪದಲ್ಲಿ ಮಾವನ ಮನೆಯಲ್ಲಿದ್ದಳು. ಪ್ರಶಸ್ತಿಯ ಸುದ್ದಿ ಕೇಳಿ ಕಲ್ಯಾಣದುರ್ಗದ ಟಾಕೀಸಿನವರು ಆ ಚಿತ್ರವನ್ನು ಒಂದು ವಾರ ಹಾಕಿದರು. ಅಮ್ಮನನ್ನು ಮ್ಯಾಟ್ನಿಗೆ ಕರೆದುಕೊಂಡು ಹೋಗಿ ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ಅಮ್ಮ ಅಲುಗಾಡದೆ ನೋಡಿದಳು. ಮುದ್ದೆ ಸೀಯುವ ದೃಶ್ಯ ಬಂದಾಗ ನನ್ನ ಕೈ ಹಿಡಿದುಕೊಂಡಳು. ಈಗಿನ ಟಾಕೀಸುಗಳಲ್ಲಿ ಗಂಟೆ ಇಲ್ಲ. ಆದರೆ ಕೊನೆಯ ರೀಲು ಹತ್ತಿದ್ದು ಅವಳಿಗೆ ಹೇಗೆ ಗೊತ್ತಾಯಿತೋ, ಮಂಡಿ ಹಿಡಿದುಕೊಂಡು ಎದ್ದಳು.

"ಕೂತ್ಕೊಳಮ್ಮ, ಕೊನೇದು ನೋಡು" ಎಂದು ಸೆರಗು ಹಿಡಿದೆ.

"ಬಾಗ್ಲತಾವ ಹೋಯ್ತೀನಿ ಕಣಮ್ಮ. ಕೂತ್ಕಂಡ್ರೆ ಆಗಾಕಿಲ್ಲ ನಂಗೆ."

ಹೋಗಿಯೇಬಿಟ್ಟಳು. ನಾನು ಕೂತೇ ಇದ್ದೆ. ಪರದೆಯ ಮೇಲೆ ನನ್ನ ಸಿನಿಮಾದ ಮಗಳು ತನ್ನ ತಾಯಿಗೆ ನಿಜ ಹೇಳಿದಳು, ಕೇಳಬೇಕಾದವಳು ಮಾತ್ರ ಅಲ್ಲಿರಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ದುಃಖ ಒತ್ತಿಕೊಂಡು ಬಂತು. ದೀಪ ಹತ್ತಿದ ಮೇಲೆ ಹೊರಗೆ ಬಂದರೆ ಅಮ್ಮ ಬಾಗಿಲ ಕದಕ್ಕೆ ಒರಗಿ ನಿಂತು, ಹೊರಗೆ ಬರುತ್ತಿದ್ದ ಒಬ್ಬೊಬ್ಬ ಹೆಂಗಸನ್ನೂ ನೋಡುತ್ತಿದ್ದಳು. ಕೊನೆಯವಳು ಬೀದಿ ಸೇರುವ ತನಕ ಅಲ್ಲಿಂದ ಅಲುಗಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಾನೇ ಕೇಳಿದೆ, "ಕಡೀಕೆ ಏನಾಯ್ತು ಅಂತ ಕೇಳಲ್ವಾ ಅಮ್ಮ?"

"ಕೇಳೋದೇನೈತೆ. ಅವ್ನು ಬರ್ಲಿಲ್ಲ. ಮಗ್ಳು ನಿಜ ಹೇಳ್ಬುಟ್ಲು. ಅಲ್ವಾ?"

"ಯಾರು ಹೇಳಿದ್ರು ನಿಂಗೆ?"

"ಯಾರ್ ಹೇಳ್ಬೇಕಮ್ಮ? ತಾಯಿ ಇರೋರು ಒಂಥರ ಅಳ್ತಾ ಬಂದ್ರು, ಗಂಡ ಬಿಟ್ಟೋರು ಒಂಥರ ಅಳ್ತಾ ಬಂದ್ರು. ಅಷ್ಟು ವರ್ಸ ಬಾಗ್ಲಲ್ಲಿ ನಿಂತೋಳಿಗೆ ಮುಕ ನೋಡಿದ್ರೆ ತಿಳ್ಯಾಕಿಲ್ವಾ?"

ವಾರಕ್ಕೊಂದು ಸಿನಿಮಾ, ದಿನವೂ ಅಷ್ಟು ಹೆಂಗಸರು. ಕೊನೆಗೇನಾಯಿತೆಂದು ಅವರಲ್ಲಿ ಒಬ್ಬಳನ್ನಾದರೂ ಕೇಳಬಹುದಿತ್ತಲ್ಲ ಎಂದು ನನಗೆ ಆ ತನಕ ಹೊಳೆದೇ ಇರಲಿಲ್ಲ.

"ಹಂಗಾದ್ರೆ ಆವತ್ತು, ಆ ಬತ್ತ ಕುಟ್ಟೋಳ ಸಿನಿಮಾ..."

"ಅದೂ ಗೊತ್ತಿತ್ತು. ಆವತ್ತು ಒಬ್ರೂ ನಗ್ತಾ ಬರ್ಲಿಲ್ಲ."

"ಮತ್ತೆ ಯಾಕಮ್ಮ ಬ್ಯಾಡ ಅಂದೆ? ಅಪ್ಪ ಬರಲ್ಲ ಅಂತ ಗೊತ್ತಿದ್ದೂ ಯಾಕೆ ಬ್ಯಾಡ ಅಂದೆ?"

ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು. "ಅವ್ನು ಬಂದ್ಬುಟ್ಟ ಅಂತ ಹೇಳೋವಾಗ ನಿನ್ ಮುಕಾನೂ ನೋಡಿದ್ನಲ್ಲಮ್ಮ" ಎಂದಳು.

ಬೆಳುಗುಪ್ಪದ ಬಸ್ಸು ಬಂತು. ಅಮ್ಮ ಕಿಟಕಿಯ ಪಕ್ಕ ಕೂತಳು. ಎದುರಿನ ಸೈಕಲ್ ಷಾಪು ಮುಚ್ಚಿ ಬಹಳ ಕಾಲವಾಗಿತ್ತು, ಅಲ್ಲಿ ಯಾವುದೋ ರೇಡಿಯೋ ರಿಪೇರಿಯ ಅಂಗಡಿ ಬಂದಿತ್ತು. ಬಸ್ಸು ಹೊರಡುವ ತನಕ ಅಮ್ಮ ಆ ಕಡೆಯೇ ನೋಡುತ್ತಿದ್ದಳು. ಅಷ್ಟು ವರ್ಷದಲ್ಲಿ ಅದೇ ಮೊದಲು.

ಅವಳು ತೀರಿಕೊಂಡ ಮೇಲೆ ಆ ಬಾಗಿಲಿಗೆ ನಾನು ಬಂದೆ. ಎಲ್ಲ ಆಟಗಳಲ್ಲಿಯೂ ಕೊನೆಯ ರೀಲಿಗೆ ಎದ್ದು ಹೋಗಿ, ಹೊರಗೆ ಬರುವ ಹೆಂಗಸರ ಮುಖ ಒಂದೊಂದಾಗಿ ನೋಡುತ್ತೇನೆ. ಒಲೆಯ ಮುಂದೆ ಅಷ್ಟು ಸಂಜೆ ಕತೆ ಹೇಳಿದೆನಲ್ಲ, ಅಮ್ಮನ ಮುಖವನ್ನು ಒಂದು ದಿನವಾದರೂ ನೋಡಿದ್ದರೆ, ಅವಳಿಗೆ ಕೊನೆ ತಿಳಿದಿದೆ ಎಂದು ನನಗೂ ಗೊತ್ತಾಗುತ್ತಿತ್ತು.